ನೂರಾ ಒಂದನೇ ಕಡ್ಡಿ

ಎಂಜಿನಿಯರರು ನಿವೃತ್ತರಾದರು, ಮನೆಯ ಮೇಜು ಕುರ್ಚಿಗಳಿಗೆ ಕಷ್ಟಕಾಲ ಶುರುವಾಯಿತು.

ಮೂವತ್ತಾರು ವರ್ಷ ಅವರು ಸೇತುವೆ ಕಟ್ಟಿಸಿದ್ದರು. ದೊಡ್ಡದು ಚಿಕ್ಕದು ಎಲ್ಲ ಸೇರಿ ನಲವತ್ತೊಂದು. ಅದರಲ್ಲಿ ಒಂದೂ ಮುರಿದಿರಲಿಲ್ಲ, ಬಿರುಕು ಕೂಡ ಬಿಟ್ಟಿರಲಿಲ್ಲ. ಲೆಕ್ಕದಲ್ಲಿ ಹತ್ತು ಸರಳು ಸಾಕು ಎಂದು ಬಂದರೆ ಅವರು ಇಪ್ಪತ್ತು ಹಾಕಿಸುತ್ತಿದ್ದರು. ಹೊಸ ಸೇತುವೆಯ ಮೇಲೆ ಕಲ್ಲು ತುಂಬಿದ ಲಾರಿಗಳನ್ನು ನಿಲ್ಲಿಸಿ ಪರೀಕ್ಷೆ ಮಾಡುವ ದಿನವಂತೂ ಕೊನೆಯ ಲಾರಿ ಇಳಿದುಹೋಗುವ ತನಕ ಅವರ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ.

ಈಗ ಕಾಯಲು ಸೇತುವೆ ಇಲ್ಲ. ಹಾಗಾಗಿ ಅವರು ಮನೆಯನ್ನು ಕಾಯತೊಡಗಿದರು. ಪುಸ್ತಕದ ಕಪಾಟಿಗೆ ಎರಡು ಹೊಸ ಕಾಲು ಬಂದವು. ಊಟದ ಮೇಜಿನ ಕೆಳಗೆ ಎಷ್ಟು ಅಡ್ಡಪಟ್ಟಿ ಹೊಡೆದರೆಂದರೆ ಯಾರೂ ಕಾಲು ಒಳಗಿಟ್ಟು ಕೂರುವಂತಿರಲಿಲ್ಲ. ಎಲ್ಲರೂ ಪಕ್ಕಕ್ಕೆ ತಿರುಗಿಕೊಂಡೇ ಉಣ್ಣಬೇಕು. ಬಟ್ಟೆ ಒಣಹಾಕುವ ತಂತಿಗೆ ಜೋಡಿಯಾಗಿ ಇನ್ನೊಂದು ತಂತಿ. ನೆಂಟರು ಬಂದರೆ "ಒಂದ್ನಿಮಿಷ" ಎಂದು ತಡೆದು, ಕುರ್ಚಿಯ ಮೇಲೆ ತಾವು ಕೂತು, ಎದ್ದು, ಹಿಡಿದು ಅಲ್ಲಾಡಿಸಿ, ಆಮೇಲೆ "ಈಗ ಕೂತ್ಕೊಳ್ಳಿ" ಅನ್ನುತ್ತಿದ್ದರು. ಸ್ವಲ್ಪ ಮೈಕೈ ತುಂಬಿಕೊಂಡಿದ್ದ ಸೊಸೆಯ ಚಿಕ್ಕಮ್ಮ ಬಂದಾಗ ಈ ಪರೀಕ್ಷೆ ಎರಡು ಸಲ ನಡೆಯಿತು. ಆಕೆ ಕಾಫಿಯನ್ನೂ ಕುಡಿಯದೆ ಎದ್ದುಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಸೊಸೆ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಮುನ್ನೂರು ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಿರಿಸುವ ಆಕೆಗೆ ಮಾವನನ್ನು ಒಂದು ಕಡೆ ಕೂರಿಸುವುದು ಸಾಧ್ಯವಾಗಿರಲಿಲ್ಲ. ಅಷ್ಟರಲ್ಲಿ ಶಾಲೆಯ ವರ್ಕ್‌ಶಾಪ್ ಮೇಷ್ಟ್ರು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡರು. ಎರಡು ತಿಂಗಳು ರಜೆ. ಹೆಡ್‌ಮಿಸ್ಟ್ರೆಸ್ ಅವರಿಗಾಗಿ ಮನಸಾರೆ ಮರುಗಿದರು. ಆದರೂ ಮನೆಗೆ ಬರುವಾಗ ಅವರ ನಡಿಗೆ ಹಗುರವಾಗಿತ್ತು.

"ಮಾವ, ವಾರಕ್ಕೆ ಎರಡು ಪೀರಿಯಡ್ಡು. ಒಂಬತ್ತನೇ ಕ್ಲಾಸು. ಮಕ್ಕಳಿಗೆ ಸೇತುವೆ ಕಟ್ಟೋದು ಹೇಳ್ಕೊಡ್ತೀರಾ?"

"ಮಕ್ಕಳು ಸೇತುವೆ ಕಟ್ಟೋದಾ? ಯಾರಿಗಾದ್ರೂ ಏಟಾದ್ರೆ ಏನಮ್ಮ ಗತಿ?"

"ಐಸ್‌ಕ್ಯಾಂಡಿ ಕಡ್ಡೀಲಿ ಮಾವ."

ಎಂಜಿನಿಯರರು ಗಂಭೀರವಾಗಿ ಯೋಚಿಸಿದರು. "ಸಿಬಿರು ಚುಚ್ಚಲ್ವಾ?" ಎಂದರು.

ಅಂತೂ ಒಪ್ಪಿದರು. ವರ್ಕ್‌ಶಾಪ್ ಕೋಣೆ ಶಾಲೆಯ ಹಿಂದಿನ ಸಾಲಿನಲ್ಲಿ, ಅಂಗಳದ ಕಡೆಗೆ ಎರಡು ಕಿಟಕಿ ಇರುವ ಉದ್ದನೆಯ ಕೋಣೆ. ಮರದ ಹೊಟ್ಟಿನ ವಾಸನೆ, ಗೋಡೆಗೆ ನೇತುಹಾಕಿದ ಗರಗಸಗಳು, ಇಪ್ಪತ್ತನಾಲ್ಕು ಮಕ್ಕಳು. ಮೊದಲ ದಿನ ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಕೊಟ್ಟು ತಳ್ಳಲು ಹೇಳಿದರು. ಇನ್ನಿಬ್ಬರಿಗೆ ಬೆರಳು ಕೊಂಡಿ ಹಾಕಿಕೊಂಡು ಎಳೆಯಲು ಹೇಳಿದರು.

"ಸೇತುವೆ ಅಂದ್ರೆ ಇಷ್ಟೇ. ಮೇಲಿನ ಕಡ್ಡಿಗಳು ಇವರ ಹಾಗೆ ಒತ್ತಿಸ್ಕೊಳ್ತವೆ. ಕೆಳಗಿನವು ಅವರ ಹಾಗೆ ಎಳೆಸ್ಕೊಳ್ತವೆ. ಯಾರು ಯಾವ ಕೆಲಸ ಮಾಡ್ತಿದಾರೆ ಅಂತ ಗೊತ್ತಿದ್ರೆ ಸಾಕು. ಚೌಕ ಕಟ್ಟಬೇಡಿ, ಅದು ಒಂದು ಕಡೆ ವಾಲಿಬಿಡುತ್ತೆ. ತ್ರಿಕೋನ ಕಟ್ಟಿ, ಅದು ಜಗ್ಗಲ್ಲ. ಮತ್ತೆ ಏನೇ ಮಾಡಿದ್ರೂ ಡಬಲ್ ಮಾಡಿ."

ಅವತ್ತು ಅವರು "ಡಬಲ್" ಎಂದದ್ದು ಹದಿನೇಳು ಸಲ. ಯಾರೋ ಎಣಿಸಿದ್ದರು. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಶಾಲೆಗೆಲ್ಲ ಅವರು ಡಬಲ್ ಸರ್ ಆಗಿದ್ದರು.

ಎಣಿಸಿದವನು ಕಿಟಕಿಯ ಪಕ್ಕ ಕೂರುವ ಉದ್ದನೆಯ ಹುಡುಗ. ಬಾಯಿಗೆ ಬೀಗ ಹಾಕಿಕೊಂಡವನಂತೆ ಇರುತ್ತಿದ್ದುದರಿಂದ ಗೆಳೆಯರು ಅವನಿಗೆ ಮೈಕು ಎಂದು ಹೆಸರಿಟ್ಟಿದ್ದರು. ಏನು ಕಂಡರೂ ಎಣಿಸುವುದು ಅವನ ಚಾಳಿ: ಮೆಟ್ಟಿಲು, ಕಿಟಕಿ ಸರಳು, ಮೇಷ್ಟ್ರ ಕೆಮ್ಮು. ಅವನ ಪಕ್ಕದಲ್ಲಿ ಕೂರುತ್ತಿದ್ದವಳು ಗಡಿಬಿಡಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ, ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ನೀರು ಕುಡಿಯಲು ಹೋಗುವ ಹುಡುಗಿ. ನಾಲ್ಕು ನಾಲ್ಕು ಜನರ ಆರು ಗುಂಪು ಮಾಡಿದಾಗ ಇವರಿಬ್ಬರೂ ಒಂದೇ ಗುಂಪಿಗೆ ಬಿದ್ದರು.

ನಿಯಮ ಸರಳವಾಗಿತ್ತು. ಗುಂಪಿಗೆ ನೂರು ಕಡ್ಡಿ, ಒಂದು ಡಬ್ಬಿ ಬಿಳಿ ಗೋಂದು. ಎರಡು ಬೆಂಚುಗಳ ನಡುವೆ ಎರಡಡಿ ಅಂತರ. ಸೇತುವೆ ಅದನ್ನು ದಾಟಬೇಕು. ಸೇತುವೆಯ ನಡುವಿಗೆ ಕೊಕ್ಕೆ ಹಾಕಿ, ಬಕೆಟ್ಟು ತೂಗುಬಿಟ್ಟು, ಮಗ್ಗಿನಲ್ಲಿ ಅಳೆದು ಮರಳು ಸುರಿಯುವುದು. ತನ್ನ ತೂಕಕ್ಕೆ ಹೋಲಿಸಿದರೆ ಯಾವುದು ಹೆಚ್ಚು ಪಟ್ಟು ಭಾರ ಹೊರುತ್ತದೋ ಅದು ಮೊದಲು.

ಮೂರು ವಾರ ಕಟ್ಟುವ ಕೆಲಸ ನಡೆಯಿತು. ಗೋಂದು ಕಡ್ಡಿಗಿಂತ ಹೆಚ್ಚಾಗಿ ಕೂದಲಿಗೆ, ತೋಳಿಗೆ, ಭೂಗೋಳದ ಪುಸ್ತಕಕ್ಕೆ ಅಂಟಿತು. ಗಡಿಬಿಡಿಯ ಕೈ ಗಾಳಿಯಂತೆ ಓಡುತ್ತಿತ್ತು. ಅವಳು ಅಂಟಿಸಿದ ಕಡೆಯೆಲ್ಲ ಮೈಕು ಬಟ್ಟೆ ಕ್ಲಿಪ್ಪು ಸಿಗಿಸುತ್ತ ಹೋಗುತ್ತಿದ್ದ. ಅವಳು ಆ ಕ್ಲಿಪ್ಪುಗಳನ್ನು ಹೊತ್ತಿಗೆ ಮುಂಚೆ ತೆಗೆಯುತ್ತಿದ್ದಳು. ಅವನು ಮತ್ತೆ ಸಿಗಿಸುತ್ತಿದ್ದ. ಒಂದು ಮಾತೂ ಇಲ್ಲದೆ ಇಬ್ಬರ ನಡುವೆ ಹೀಗೊಂದು ಜಗಳ ಮೂರು ವಾರ ನಡೆಯಿತು. ಉಳಿದಿಬ್ಬರು ಕಡ್ಡಿ ಉಜ್ಜುತ್ತ ಅದನ್ನು ನೋಡಿ ನಗುತ್ತಿದ್ದರು.

ಪರೀಕ್ಷೆಯ ದಿನ ಬಂತು. ಕೋಣೆ ತುಂಬಿ, ಪಕ್ಕದ ತರಗತಿಯವರು ಕಿಟಕಿಗೆ ಜೋತುಬಿದ್ದಿದ್ದರು. ಮೊದಲ ಸೇತುವೆಗೆ ಒಂದು ಮಗ್ಗು, ಎರಡು, ಮೂರು. ಎಂಟನೆಯದಕ್ಕೆ ಎಲ್ಲೋ "ಟಿಕ್" ಎಂದಿತು.

"ಸಾಕು!" ಎಂದು ಡಬಲ್ ಸರ್ ಎರಡೂ ಕೈಯಿಂದ ಬಕೆಟ್ಟನ್ನು ಎತ್ತಿ ಹಿಡಿದುಬಿಟ್ಟರು. ಹಣೆಯ ಮೇಲೆ ಬೆವರು. "ಎಂಟು ಮಗ್ಗು. ಶಭಾಷ್. ಮುಂದಿನ ಗುಂಪು ಬನ್ನಿ."

ಎರಡನೆಯದೂ ಎಂಟಕ್ಕೆ ಟಿಕ್ ಎಂದಿತು, ಸಾಕು. ಮೂರನೆಯದು ಟಿಕ್ ಅನ್ನಲೇ ಇಲ್ಲ. ಆದರೂ ಎಂಟಕ್ಕೆ ಸಾಕು. ಹೀಗೆ ಆರೂ ಸೇತುವೆಗಳು ಎಂಟೆಂಟು ಮಗ್ಗು ಹೊತ್ತು, ಕೂದಲೂ ಕೊಂಕದೆ ಮೇಜಿನ ಮೇಲೆ ಸಾಲಾಗಿ ನಿಂತವು.

"ಎಲ್ಲರೂ ಪಾಸು!" ಎಂದು ಡಬಲ್ ಸರ್ ಬೆವರು ಒರೆಸಿಕೊಂಡರು.

ಇಪ್ಪತ್ತನಾಲ್ಕು ಮುಖಗಳು ಊದಿಕೊಂಡವು. ಕಿಟಕಿಯ ಹೊರಗಿನ ಹುಡುಗರು "ಅಯ್ಯೋ, ಇಷ್ಟೇನಾ" ಎಂದು ಇಳಿದುಹೋದರು.

"ಸರ್, ಯಾವುದು ಗಟ್ಟಿ ಅಂತ ಗೊತ್ತಾಗೋದು ಹೇಗೆ?" ಎಂದಳು ಗಡಿಬಿಡಿ.

"ಎಲ್ಲವೂ ಗಟ್ಟಿ ಕಣಮ್ಮ. ಒಂದೂ ಮುರೀಲಿಲ್ಲವಲ್ಲ."

"ಅದೇ ಸರ್ ತೊಂದರೆ!"

ಮರುದಿನ ಸಂಜೆ ಊಟದ ಮೇಜಿಗೆ ಪಕ್ಕಕ್ಕೆ ತಿರುಗಿ ಕೂತಿದ್ದ ಸೊಸೆ, ಮಾವನ ಮುಂದೆ ಒಂದು ಹಾಳೆ ಇಟ್ಟರು. ರಜಾ ಅರ್ಜಿಯ ಧಾಟಿಯಲ್ಲಿ ದುಂಡಗೆ ಬರೆದಿತ್ತು:

"ಮುಖ್ಯೋಪಾಧ್ಯಾಯಿನಿಯವರಿಗೆ. ವಿಷಯ: ಸೇತುವೆಗಳನ್ನು ಮುರಿಸಿಕೊಡುವ ಬಗ್ಗೆ. ಮಾನ್ಯರೇ, ನಾವು ಮೂರು ವಾರ ಕಷ್ಟಪಟ್ಟು ಕಟ್ಟಿದ ಸೇತುವೆಗಳು ಕಾರಣಾಂತರಗಳಿಂದ ಮುರಿದಿರುವುದಿಲ್ಲ. ಇದರಿಂದ ನಮಗೆ ತುಂಬಾ ಬೇಸರವಾಗಿರುತ್ತದೆ. ಆದ್ದರಿಂದ ತಾವು ದಯಮಾಡಿ ಸದರಿ ಸೇತುವೆಗಳನ್ನು ಆದಷ್ಟು ಬೇಗ ಮುರಿಸಿಕೊಡಬೇಕೆಂದು ವಿನಂತಿ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿಗಳು." ಕೆಳಗೆ ಇಪ್ಪತ್ತನಾಲ್ಕು ಸಹಿ.

ಹಲ್ಲಿನ ಡಾಕ್ಟರಾದ ಮಗ ಓದಿ ನಕ್ಕು ನಕ್ಕು ಕೆಮ್ಮಿದ. ಎಂಜಿನಿಯರರು ನಗಲಿಲ್ಲ.

"ಕಟ್ಟೋದು ಕಲಿಸೋಕೆ ಕರೆದ್ಯಾ, ಮುರಿಯೋದು ಕಲಿಸೋಕಾ?"

"ಮಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕಟ್ಟಿದ ನಲವತ್ತೊಂದರಲ್ಲಿ ಯಾವುದು ಎಲ್ಲಕ್ಕಿಂತ ಗಟ್ಟಿ?"

ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ಭಾರ ಹೊರುತ್ತದೆ ಎಂಬುದು ಗೊತ್ತಿತ್ತು. ಎಷ್ಟು ಹೊರಬಲ್ಲದು ಎಂಬುದನ್ನು ಯಾವತ್ತೂ ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ, ಮೇಲೆ ಜನ ಓಡಾಡುತ್ತಿದ್ದರು. ಆದರೆ ವರ್ಕ್‌ಶಾಪಿನ ಮೇಜಿನ ಮೇಲಿದ್ದ ಆರರ ಮೇಲೆ ಯಾರು ಓಡಾಡುತ್ತಾರೆ? ಹೆಚ್ಚೆಂದರೆ ಇರುವೆ. ಈ ಯೋಚನೆ ಒಮ್ಮೆ ತಲೆಯೊಳಗೆ ಹೊಕ್ಕಿತು, ಆಮೇಲೆ ಹೊರಗೆ ಹೋಗಲಿಲ್ಲ. ಎರಡು ದಿನ ಅವರು ಕಪಾಟು ಕುರ್ಚಿಗಳ ತಂಟೆಗೇ ಹೋಗಲಿಲ್ಲ. ಮೂರನೆಯ ದಿನ ತಿಂಡಿ ತಿನ್ನುತ್ತ, "ಆ ಮೂರನೇದು ಟಿಕ್ ಅನ್ನಲೇ ಇಲ್ಲ ನೋಡು. ಎಷ್ಟಕ್ಕೆ ಹೋಗ್ತಿತ್ತೋ ಏನೋ," ಎಂದರು. ಸೊಸೆ ತಲೆ ಬಗ್ಗಿಸಿಕೊಂಡು ನಕ್ಕರು.

ಗುರುವಾರಕ್ಕೆ ಮುರಿಯುವುದೆಂದು ನಿಶ್ಚಯವಾಯಿತು.

ಬುಧವಾರ ಶಾಲೆ ಬಿಟ್ಟ ಮೇಲೆ ಎಂಜಿನಿಯರರು ಒಬ್ಬರೇ ವರ್ಕ್‌ಶಾಪಿಗೆ ಹೋದರು. ಆರೂ ಸೇತುವೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಳ್ಳುವುದಿತ್ತು. ಐದನ್ನು ತೂಗಿದರು. ಆರನೆಯದು ಗಡಿಬಿಡಿಯ ಗುಂಪಿನದು. ಎತ್ತಿಕೊಂಡಾಗ ಕೆಳಗಿನ ಸಾಲಿನಲ್ಲಿ ಕಡ್ಡಿಗಳು ಕೂಡುವ ಒಂದು ಗಂಟು, ಬಲಗಡೆಯಿಂದ ಮೂರನೆಯದು, ಕಣ್ಣಿಗೆ ಬಿತ್ತು. ಒಣಗುವ ಮೊದಲೇ ಕ್ಲಿಪ್ಪು ತೆಗೆದಿದ್ದರಿಂದ ಎರಡು ಕಡ್ಡಿಗಳ ನಡುವೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಬೇರೆಯವರಿಗೆ ಕಾಣುವಂಥದ್ದಲ್ಲ. ಮೂವತ್ತಾರು ವರ್ಷ ಅಂಥದ್ದನ್ನೇ ಹುಡುಕಿದ ಕಣ್ಣಿಗೆ ಅದು ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು.

ಸೇತುವೆಯನ್ನು ಕೆಳಗಿಟ್ಟರು. ಬಾಗಿಲ ತನಕ ಹೋದರು. ಕೈ ತುರಿಸಿತು. ವಾಪಸು ಬಂದರು. ಪೆಟ್ಟಿಗೆಯಿಂದ ಒಂದೇ ಒಂದು ಕಡ್ಡಿ ತೆಗೆದು, ಗೋಂದು ಸವರಿ, ಆ ಗಂಟಿನ ಒಳಮಗ್ಗುಲಿಗೆ ಅಂಟಿಸಿ, ಒಂದು ಕ್ಲಿಪ್ಪು ಸಿಗಿಸಿ, ಕದ್ದವರಂತೆ ಮನೆಗೆ ಹೋದರು. ಅವತ್ತು ಊಟ ಚೆನ್ನಾಗಿ ಸೇರಿತು.

ಗುರುವಾರ ಬೆಳಿಗ್ಗೆ ಬೇಗ ಬಂದು ಕ್ಲಿಪ್ಪು ತೆಗೆದಿಟ್ಟರು. ತರಗತಿ ಶುರುವಾದಾಗ ಅವರೇ ಎಲ್ಲರಿಗಿಂತ ಹೆಚ್ಚು ಸಡಗರದಲ್ಲಿದ್ದರು.

"ಸುಮ್ಮನೆ ಮುರಿಯೋದಲ್ಲ. ನಿಮ್ಮ ಸೇತುವೆ ಎಷ್ಟನೇ ಮಗ್ಗಿಗೆ, ಯಾವ ಜಾಗದಲ್ಲಿ ಮುರಿಯುತ್ತೆ ಅಂತ ಮೊದಲು ಚೀಟೀಲಿ ಬರೆದಿಡಿ. ಯಾಕೆ ಅಂತಾನೂ ಬರೀರಿ."

ಮೊದಲ ಸೇತುವೆ ಹನ್ನೊಂದನೇ ಮಗ್ಗಿಗೆ ಢಬ್ ಎಂದು ಬಿತ್ತು. ಹೋ ಎಂದು ಕೂಗು ಎದ್ದಿತು. ಡಬಲ್ ಸರ್ ಒಂದು ಕ್ಷಣ ಕಣ್ಣು ಮುಚ್ಚಿದ್ದರು. ತೆರೆದು ನೋಡಿದರೆ ಯಾರಿಗೂ ಏನೂ ಆಗಿರಲಿಲ್ಲ. ನಾಲ್ಕು ಮಕ್ಕಳು ನೆಲದ ಮೇಲೆ ಮೊಣಕಾಲೂರಿ, ತುಂಡುಗಳನ್ನು ಎತ್ತಿ ಎತ್ತಿ ನೋಡುತ್ತ, "ಇಲ್ಲಿ ನೋಡೋ, ಗೋಂದೇ ಹಾಕಿಲ್ಲ!" ಎಂದು ಖುಷಿಯಿಂದ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಎರಡನೆಯದು ಹದಿಮೂರಕ್ಕೆ ಹೋಯಿತು. ಟಿಕ್ ಅನ್ನದಿದ್ದ ಮೂರನೆಯದು ಹತ್ತೊಂಬತ್ತಕ್ಕೆ ಹೋಯಿತು. ಅಷ್ಟರಲ್ಲಿ ಮರಳು ಸುರಿಯುವ ಮಗ್ಗು ಡಬಲ್ ಸರ್ ಕೈಯಲ್ಲೇ ಇತ್ತು.

ಕೊನೆಗೆ ಗಡಿಬಿಡಿಯ ಗುಂಪು. ಹದಿನೈದು ಮಗ್ಗಿಗೆ ಅವಳು ಉಗುರು ಕಚ್ಚಿಕೊಂಡಳು. ಹದಿನಾರು. ಹದಿನೇಳು. ಇಪ್ಪತ್ತಾದಾಗ ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಇಪ್ಪತ್ತೆರಡಕ್ಕೆ ಮೇಲಿನ ಸಾಲು ನಡುವೆ ಬಿಲ್ಲಿನ ಹಾಗೆ ಬಾಗಿ, ಪಟಾರನೆ ಹಾರಿತು. ಎಲ್ಲಕ್ಕಿಂತ ಹೆಚ್ಚು! ಗುಂಪಿನ ಉಳಿದಿಬ್ಬರು ಕುಣಿದರು.

ಗಡಿಬಿಡಿ ಕುಣಿಯಲಿಲ್ಲ. ಚೀಟಿ ಬಿಚ್ಚಿ ಮುಂದೆ ಹಿಡಿದಳು. 'ಹದಿನೈದನೇ ಮಗ್ಗು. ಕೆಳಗೆ, ಬಲದಿಂದ ಮೂರನೇ ಗಂಟು. ಯಾಕೆಂದರೆ ಅದು ಒಣಗಲು ನಾನು ಬಿಡಲಿಲ್ಲ' ಎಂದಿತ್ತು.

"ಅಲ್ಲೇ ಮುರೀಬೇಕಿತ್ತು ಸರ್. ಯಾಕೆ ಮುರೀಲಿಲ್ಲ? ನಂಗೆ ಅರ್ಥ ಆಗ್ತಿಲ್ಲ."

"ಕೆಲವು ಸಲ... ಹಾಗಾಗುತ್ತೆ," ಎಂದರು ಡಬಲ್ ಸರ್, ಕಿಟಕಿಯ ಕಡೆ ನೋಡುತ್ತ.

ಮೈಕು ಅಷ್ಟು ಹೊತ್ತೂ ನೆಲದ ಮೇಲೆ ಕೂತು ತುಂಡುಗಳನ್ನು ಜೋಡಿಸುತ್ತಿದ್ದ. ಮುರಿದವನ್ನು ಜೊತೆಗೂಡಿಸಿ, ಹತ್ತು ಹತ್ತರ ರಾಶಿ ಮಾಡಿ, ಒಮ್ಮೆ ಎಣಿಸಿ, ಮತ್ತೆ ಎಣಿಸಿ ಎದ್ದು ನಿಂತ.

"ನೂರಾ ಒಂದು," ಎಂದ.

ಆ ವರ್ಷ ಅವನು ತರಗತಿಯಲ್ಲಿ ತಾನಾಗಿ ಆಡಿದ ಮೊದಲ ಮಾತು ಅದು. ಹಾಗಾಗಿ ಎಲ್ಲರಿಗೂ ಕೇಳಿಸಿತು.

"ನಮಗೆ ಕೊಟ್ಟಿದ್ದು ನೂರು. ಹಾಕಿದ್ದು ನೂರು. ಇಲ್ಲಿರೋದು ನೂರಾ ಒಂದು." ಮೂರನೇ ಗಂಟಿನ ತುಂಡನ್ನು ಎತ್ತಿ ತೋರಿಸಿದ. "ಈ ಕಡ್ಡಿ ಉಜ್ಜಿಲ್ಲ. ನಮ್ಮದೆಲ್ಲ ಉಜ್ಜಿದೆ."

ಬೇರೆ ಗುಂಪಿನವರು "ಮೋಸ! ಮೋಸ!" ಎಂದು ಎದ್ದುನಿಂತರು. ಗಡಿಬಿಡಿಯ ಕಣ್ಣಲ್ಲಿ ನೀರು ತುಂಬಿತು. "ನಾವು ಹಾಕಿಲ್ಲ! ಆಣೆಗೂ ಹಾಕಿಲ್ಲ!"

ಡಬಲ್ ಸರ್ ಕಿವಿ ಕೆಂಪಾಯಿತು, ಆಮೇಲೆ ಕತ್ತು. ಮಗ್ಗನ್ನು ಮೇಜಿನ ಮೇಲಿಟ್ಟರು. ಹಿಂದೆ ಮುಖ್ಯ ಎಂಜಿನಿಯರರ ಎದುರು ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತರು.

"ಅವರು ಹಾಕಿದ್ದಲ್ಲ. ನಾನು ಹಾಕಿದ್ದು."

ಮೈಕುವಿನ ಕೈಯಿಂದ ಆ ತುಂಡನ್ನು ತೆಗೆದುಕೊಂಡರು. "ನಿನ್ನೆ ಸಂಜೆ ನೋಡಿದೆ. ಗಂಟು ಬಿಟ್ಟಿತ್ತು. ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದೇ ಕಡ್ಡಿ. ತಪ್ಪಾಯ್ತು."

"ಆದ್ರೆ ಸರ್," ಎಂದಳು ಗಡಿಬಿಡಿ. ಅವಳ ಜೀವನದಲ್ಲಿ ಇಷ್ಟು ನಿಧಾನವಾಗಿ ಅವಳು ಮಾತಾಡಿರಲಿಲ್ಲ. "ಅದು ನನ್ನ ತಪ್ಪು. ಎಷ್ಟು ಭಾರಕ್ಕೆ ಬಿಡುತ್ತೆ ಅಂತ ನಂಗೆ ನೋಡ್ಬೇಕಿತ್ತು. ಮೂರು ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೆ. ನೀವು ಮುಚ್ಚಿಬಿಟ್ರಿ."

ಮೂವತ್ತಾರು ವರ್ಷಗಳಲ್ಲಿ ಡಬಲ್ ಸರ್ ಅವರನ್ನು ಹೆಚ್ಚು ಭದ್ರ ಮಾಡಿದ್ದಕ್ಕಾಗಿ ಬೈದವರು ಇದ್ದರು. ಅವರೆಲ್ಲ ಖರ್ಚಿನ ಮಾತಾಡುತ್ತಿದ್ದರು. ಇಂಥ ದೂರನ್ನು ಅವರು ಕೇಳಿದ್ದು ಇದೇ ಮೊದಲು. "ಹೌದಮ್ಮ," ಎಂದಷ್ಟೇ ಹೇಳಿದರು.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಸರ್‌ಗೆ ಶಿಕ್ಷೆ!" ಬಿಗಿದಿದ್ದ ಕೋಣೆ ನಗುವಿನಲ್ಲಿ ಸಡಿಲವಾಯಿತು. ಬೆಂಚಿನ ಮೇಲೆ ನಿಲ್ಲಿಸಬೇಕೆಂದು ಕೆಲವರು, ನೂರು ಸಲ ಬರೆಸಬೇಕೆಂದು ಕೆಲವರು. ತೀರ್ಪು ಕೊಟ್ಟವಳು ಗಡಿಬಿಡಿ, ಕಣ್ಣು ಒರೆಸಿಕೊಳ್ಳುತ್ತ. "ಸರ್ ಒಂದು ಸೇತುವೆ ಕಟ್ಟಬೇಕು. ನೂರೇ ಕಡ್ಡಿ. ನಾವು ಮುರೀತೀವಿ."

ಆಮೇಲಿನ ವಾರ ಮನೆಯ ಊಟದ ಮೇಜು ಯಾರಿಗೂ ಸಿಗಲಿಲ್ಲ. ಎಂಜಿನಿಯರರು ಕೆಳಗಿನ ಸಾಲನ್ನು ಡಬಲ್ ಮಾಡಿದರು, ಮೇಲಿನದನ್ನು ಡಬಲ್ ಮಾಡಿದರು, ಓರೆ ಕಡ್ಡಿಗಳನ್ನೂ ಡಬಲ್ ಮಾಡಿದರು. ಸೇತುವೆಯ ಎರಡೂ ಬದಿಯ ಗೋಡೆಗಳು ಕೋಟೆಯ ಹಾಗೆ ನಿಂತವು. ಇನ್ನು ಎರಡನ್ನೂ ಅಡ್ಡಡ್ಡ ಕೂಡಿಸುವುದಷ್ಟೇ ಬಾಕಿ ಎಂದು ಡಬ್ಬಿಗೆ ಕೈ ಹಾಕಿದರೆ ಆರು ಕಡ್ಡಿ ಸಿಕ್ಕವು.

"ಕಡ್ಡಿ ಮುಗಿದುಹೋಯ್ತಲ್ಲ," ಎಂದರು ಬೆರಗಾಗಿ. ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರಿಗೆ ಏನೂ ಮುಗಿದುಹೋದದ್ದಿಲ್ಲ; ಇನ್ನಷ್ಟು ಕಳಿಸಿ ಎಂದು ಚೀಟಿ ಬರೆದರೆ ಬರುತ್ತಿತ್ತು.

"ಇನ್ನೊಂದು ಹತ್ತು ತಗೊಂಡ್ಬಿಡಿ ಅಪ್ಪ, ಯಾರು ನೋಡ್ತಾರೆ?" ಎಂದ ಮಗ.

"ಆ ಹುಡುಗ ಎಣಿಸ್ತಾನೆ ಕಣೋ," ಎಂದರು ಎಂಜಿನಿಯರರು ನಡುಗುತ್ತ.

ಡಬಲ್ ಸರ್ ಸೇತುವೆ ನೋಡಲು ಇಡೀ ಶಾಲೆ ವರ್ಕ್‌ಶಾಪಿಗೆ ಮುತ್ತಿಗೆ ಹಾಕಿತು. ಅವರು ಎದೆಯ ಮೇಲೆ ಕೈ ಕಟ್ಟಿಕೊಂಡು ದೂರ ನಿಂತರು. ಮುಟ್ಟುವಂತಿಲ್ಲ ಎಂದು ತೀರ್ಪಿನಲ್ಲೇ ಇತ್ತು. ಗಡಿಬಿಡಿ ಮರಳು ಸುರಿದಳು, ಅಂಚಿನ ತನಕ ಅಳೆದು, ಒಂದು ಕಾಳೂ ಚೆಲ್ಲದೆ. ಹತ್ತು, ಹದಿನೈದು. ಗೋಡೆಗಳು ಮಿಸುಕಲಿಲ್ಲ. ಹದಿನೇಳಕ್ಕೆ ಏನೋ ಕಿರುಗುಟ್ಟಿತು. ಒಂದು ಗೋಡೆ ಎಡಕ್ಕೆ, ಇನ್ನೊಂದು ಅದರ ಹಿಂದೆಯೇ, ಇಬ್ಬರು ತೂಕಡಿಸುವವರ ಹಾಗೆ ಮೆಲ್ಲಗೆ ವಾಲಿದವು. ಆರು ಕಡ್ಡಿಗಳು ಒಂದೊಂದಾಗಿ ಟಪಟಪನೆ ಕಿತ್ತುಬಂದವು. ಇಡೀ ಸೇತುವೆ ತಿರುಚಿಕೊಂಡು ಬಕೆಟ್ಟಿನೊಂದಿಗೆ ನೆಲಕ್ಕೆ ಬಿತ್ತು.

ಎಲ್ಲರೂ ಡಬಲ್ ಸರ್ ಮುಖ ನೋಡಿದರು.

"ಅರೆ!" ಎಂದರು ಅವರು. ಸೋಜಿಗ ಕಂಡ ಮಗುವಿನ ಮುಖವಾಗಿತ್ತು ಅದು. "ಗೋಡೆಗೆ ಏನೂ ಆಗಿಲ್ಲ ನೋಡಿ! ಪಕ್ಕಕ್ಕೆ ಹೋಯ್ತು!"

ಮೈಕು ಎಣಿಸಿದ. ನೂರೇ ಇತ್ತು. ಆಮೇಲೆ ಹೊತ್ತ ಭಾರವನ್ನು ಸೇತುವೆಯ ತೂಕದಿಂದ ಭಾಗಿಸಿ ಲೆಕ್ಕ ಹಾಕಿದ. ಡಬಲ್ ಸರ್ ಸೇತುವೆ ಮೈತುಂಬ ಗೋಂದು ಕುಡಿದು ಎಲ್ಲಕ್ಕಿಂತ ಭಾರವಾಗಿದ್ದುದರಿಂದ ನಾಲ್ಕನೇ ಸ್ಥಾನಕ್ಕೆ ಇಳಿಯಿತು.

"ನಾಲ್ಕನೇದಾ?" ಎಂದರು ಅವರು. "ಗೋಂದಿನ ತೂಕ ಯಾಕಪ್ಪ ಸೇರಿಸ್ತೀಯ? ಗೋಂದು ಸೇತುವೇನಾ?"

"ನಮ್ಮದಕ್ಕೂ ಸೇರಿಸಿದೀನಿ ಸರ್," ಎಂದ ಮೈಕು.

"ನೀವು ಗೋಡೆಗೆ ಹಾಕಿದ್ದರಲ್ಲಿ ಇಪ್ಪತ್ತು ಕಡ್ಡಿ ತೆಗೆದು ಅಡ್ಡಕ್ಕೆ ಹಾಕಿದ್ರೆ ಸರಿಹೋಗ್ತಿತ್ತು ಸರ್," ಎಂದಳು ಗಡಿಬಿಡಿ.

"ಇಪ್ಪತ್ತಾ? ಹನ್ನೆರಡು ಸಾಕು."

"ಹನ್ನೆರಡು ಸಾಲಲ್ಲ ಸರ್."

"ಯಾಕೆ ಸಾಲಲ್ಲ? ಬಾ ಇಲ್ಲಿ, ತೋರಿಸ್ತೀನಿ."

ಮೂವರೂ ನೆಲದ ಮೇಲೆ, ಚೆಲ್ಲಿದ ಮರಳಿನ ನಡುವೆ ಕೂತರು. ಗಂಟೆ ಹೊಡೆಯಿತು, ಕೋಣೆ ಖಾಲಿಯಾಯಿತು, ಅವರಿಗೆ ಗೊತ್ತಾಗಲಿಲ್ಲ. ಮಕ್ಕಳು ಇನ್ನೂ ಮನೆಗೆ ಯಾಕೆ ಹೋಗಿಲ್ಲ ಎಂದು ಕೇಳಲು ಹೆಡ್‌ಮಿಸ್ಟ್ರೆಸ್ ಬಂದಾಗ, ಮಾವ ಕನ್ನಡಕವನ್ನು ಹಣೆಗೇರಿಸಿ ಮೊಣಕೈಯೂರಿ ಮಲಗಿದ್ದರು, ಹುಡುಗಿ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು, ಹುಡುಗ ಎರಡೂ ಕೈಯಲ್ಲಿ ಒಂದೊಂದು ಗೋಡೆ ಹಿಡಿದಿದ್ದ. ಆಕೆ ಗದರಲೆಂದೇ ಬಾಯಿ ತೆರೆದರು. ಆದರೆ ಎದುರಿಗಿದ್ದ ಗೋಡೆ ಇಷ್ಟೂ ಕೆಡದೆ ಹಾಗೇ ಇದ್ದದ್ದು ಕಣ್ಣಿಗೆ ಬಿತ್ತು.

"ಇದು ಮುರಿದೇ ಇಲ್ಲವಲ್ಲ," ಎಂದರು. "ಮತ್ತೆ ಬಿದ್ದದ್ದು ಹೇಗೆ?"

"ಮೇಡಂ, ಸ್ವಲ್ಪ ಸರಿದು ಕೂತ್ಕೊಳ್ಳಿ, ಹೇಳ್ತೀನಿ," ಎಂದಳು ಗಡಿಬಿಡಿ. ಮಾವ ಮರಳನ್ನು ಅಂಗೈಯಿಂದ ಒತ್ತರಿಸಿ ಸೊಸೆಗೆ ಜಾಗ ಮಾಡಿಕೊಟ್ಟರು.